‘ಮರ’ ಅಂದರೆ ಯಾವ ಮರ?

ಪ್ರಶ್ನೆ: ಬಾಳೆ ಮರವಲ್ಲ ಅನ್ನುತ್ತಾರೆ. ವಂಶವೃಕ್ಷಕ್ಕೆ ತೊಗಟೆಯಿಲ್ಲ, ಕಂಪ್ಯೂಟರಿನವರ ‘ಟ್ರೀ’ ತಲೆಕೆಳಗಾಗಿ ನಿಂತಿರುತ್ತದೆ. ‘ಮರ’ ಎಂಬ ಪದದ ಸರಿಯಾದ ಅರ್ಥ ಯಾವುದು?

ಉತ್ತರ: ಯಾರನ್ನು ಕೇಳುತ್ತೀರಿ ಎಂಬುದರ ಮೇಲಿದೆ.

ಕನ್ನಡದಲ್ಲಿ ನಿಂತಿರುವುದೂ ಮರ, ಕೊಯ್ದದ್ದೂ ಮರ. ‘ಮರ ಹತ್ತಿದ’ ಎಂಬಲ್ಲಿ ಜೀವವಿದೆ, ‘ಮರದ ಬಾಗಿಲು’ ಎಂಬಲ್ಲಿ ಬರೀ ವಸ್ತು. ಕಾಲು ‘ಮರಗಟ್ಟಿತು’ ಅನ್ನುವಾಗ ಬರುವುದು ಈ ಎರಡನೆಯದು. ಇಂಗ್ಲಿಷಿನ ‘ಟ್ರೀ’ಯೂ ಹಿಂದೆ ತೊಲೆ, ದಿಮ್ಮಿಗಳಿಗೆ ಸಲ್ಲುತ್ತಿತ್ತು, ಅದು ಸಂಸ್ಕೃತದ ‘ದಾರು’ವಿನ ದಾಯಾದಿ. ದೇವದಾರುವಿನಲ್ಲಿರುವ ದಾರು ಅದೇ. ಕೇರುವ ಮೊರವನ್ನು ಕೆಲವರು ‘ಮರ’ ಅನ್ನುವುದುಂಟು, ಆದರೆ ಅದು ಬೇರೆಯೇ ಪದ.

ಸಸ್ಯಶಾಸ್ತ್ರದಲ್ಲಿ ಮರವೆಂಬುದು ಕುಲವಲ್ಲ, ಬೆಳೆಯುವ ರೀತಿ. ಹುಣಸೆ ಮರ, ಕಡಲೆ ಗಿಡ, ಅವರೆ ಬಳ್ಳಿ ಮೂರೂ ಒಂದೇ ಕುಟುಂಬದವು. ಬಿಗಿಯಾದ ವ್ಯಾಖ್ಯೆಯ ಪ್ರಕಾರ ತೊಗಟೆಯೊಳಗಿನ ಕ್ಯಾಂಬಿಯಂ ಎಂಬ ತೆಳುಪದರ ಒಳಮುಖವಾಗಿ ಕಟ್ಟಿಗೆ ಕೂಡಿಸುತ್ತ ಕಾಂಡವನ್ನು ದಪ್ಪ ಮಾಡಬೇಕು. ಬಾಳೆ ಇಲ್ಲೇ ಸೋಲುತ್ತದೆ: ನಮಗೆ ಕಾಂಡವಾಗಿ ಕಾಣುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳು, ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ತೆಂಗಿಗೂ ಕ್ಯಾಂಬಿಯಂ ಇಲ್ಲ. ಅದಕ್ಕೇ ತೆಂಗಿನ ಕಾಂಡಕ್ಕೆ ಬಿದ್ದ ಕಚ್ಚು ಮುಚ್ಚಿಕೊಳ್ಳುವುದಿಲ್ಲ, ವಯಸ್ಸೆಣಿಸಲು ಉಂಗುರಗಳೂ ಸಿಗುವುದಿಲ್ಲ. ಹಾಗೆಂದು ತೆಂಗು ಮರವೇ ಅಲ್ಲ ಎಂದು ವಾದಿಸುವುದು ಬರೀ ಹಟ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕಾಡನ್ನು ಲೆಕ್ಕ ಹಾಕುವಾಗ ನೋಡುವುದು 0.5 ಹೆಕ್ಟೇರಿಗೂ ಹೆಚ್ಚು ಜಾಗ, 5 ಮೀಟರ್ ದಾಟಬಲ್ಲ ಎತ್ತರ, ಶೇ 10ಕ್ಕೂ ಹೆಚ್ಚು ನೆಲದ ಮೇಲೆ ರೆಂಬೆ-ಎಲೆಗಳ ಹಸಿರು ಚಾವಣಿ. ಇವಿಷ್ಟಿದ್ದು ಜಾಗದ ಬಳಕೆಯೂ ಕಾಡಿನದೇ ಆಗಿದ್ದರೆ ತೆಂಗಿನಂಥ ತಾಳೆ ಜಾತಿಯವೂ ಒಳಗೆ, ಹುಲ್ಲಿನ ಕುಟುಂಬದ ಬಿದಿರೂ ಒಳಗೆ.

ಗಣಿತದಲ್ಲಿ ಈ ಪದವನ್ನು ಇಂಗ್ಲಿಷ್ ಗಣಿತಜ್ಞ ಆರ್ಥರ್ ಕೇಲಿ 1857ರಲ್ಲಿ ಬಳಸಿದ. ಅಲ್ಲಿ ಉಳಿದದ್ದು ಕವಲು ಮಾತ್ರ: ಬಿಂದುಗಳೂ ಅವನ್ನು ಸೇರಿಸುವ ಕೊಂಡಿಗಳೂ ಇರುವ ಚಿತ್ರದಲ್ಲಿ ಎಲ್ಲ ಬಿಂದುಗಳೂ ಕೂಡಿರಬೇಕು, ಒಮ್ಮೆ ಕವಲೊಡೆದದ್ದು ಮತ್ತೆ ಸೇರಬಾರದು. ಪರೀಕ್ಷೆ ಸುಲಭ. 8 ಬಿಂದುಗಳಿಗೆ 7 ಕೊಂಡಿ ಇರಬೇಕು; ಎಂಟನೆಯದು ಬಂತೋ, ಎಲ್ಲೋ ಸುತ್ತು ಬಿದ್ದಿದೆ. ಕಂಪ್ಯೂಟರಿನವರ ‘ಟ್ರೀ’ಯೂ ಇದೇ; ಅವರು ಬೇರನ್ನು ಮೇಲೆ ಬರೆಯುವುದು ರೂಢಿಯಷ್ಟೇ, ನಿಯಮವಲ್ಲ.

ಈ ಅಳತೆಗೆ ವಂಶವೃಕ್ಷವೇ ಎಷ್ಟೋ ಸಲ ನಿಲ್ಲುವುದಿಲ್ಲ. ಅಣ್ಣನ ಮಗ, ತಂಗಿಯ ಮಗಳು ಮದುವೆಯಾದರೆ ಅವರ ಮಕ್ಕಳಿಗೆ ಮುತ್ತಜ್ಜ ಮುತ್ತಜ್ಜಿಯರು ಎಂಟಲ್ಲ, ಆರೇ. ಕವಲುಗಳು ಮೇಲೆ ಹೋಗಿ ಕೂಡಿಕೊಂಡವು. ಶುದ್ಧ ‘ಟ್ರೀ’ ಎಂದುಕೊಂಡು ಬರೆದ ತಂತ್ರಾಂಶ ಇಂಥ ಮನೆತನದಲ್ಲಿ ಅದೇ ಅಜ್ಜನನ್ನು ಎರಡು ಕಡೆ ತೋರಿಸುತ್ತದೆ.