ಏಳೂವರೆ ಚದರದ ಮನೆಯಲ್ಲಿ ನೋಟ ಎಷ್ಟುದ್ದ?

ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ದಿನ ಮನೆ ಕಟ್ಟಿಸುವವರ ಮುಖ ಸಪ್ಪಗಾಗುತ್ತದೆ. "ಅಯ್ಯೋ, ಹಾಲ್ ಇಷ್ಟೇನಾ?" ಅಂತ ಕೇಳದವರು ಕಡಿಮೆ. "ಗೋಡೆ ಏಳ್ಲಿ ಸಾರ್, ದೊಡ್ಡದಾಗುತ್ತೆ" ಅನ್ನುತ್ತಾರೆ ಮೇಸ್ತ್ರಿ. ಅವರು ಸುಮ್ನೆ ಸಮಾಧಾನ ಹೇಳುತ್ತಿಲ್ಲ. ಮೇಲೆ ಇಡೀ ಆಕಾಶ, ಎದುರಿಗೆ ರಸ್ತೆ, ಪಕ್ಕದಲ್ಲಿ ಖಾಲಿ ಸೈಟು. ಇವುಗಳ ನಡುವೆ 10 ಅಡಿಗೆ 12 ಅಡಿಯ ಗೆರೆ ಎಷ್ಟು ದೊಡ್ಡದಾಗಿ ಕಂಡೀತು? ಗೋಡೆ ಎದ್ದರೆ ಹೋಲಿಸಿ ನೋಡಲು ಆಕಾಶ ಇರುವುದಿಲ್ಲ. ನಮ್ಮ ಕಣ್ಣಿಗೆ ವಿಸ್ತೀರ್ಣದ ಲೆಕ್ಕ ಬರುವುದಿಲ್ಲ. ನೋಟ ಎಲ್ಲಿಯವರೆಗೆ ಓಡುತ್ತದೆ, ಎಲ್ಲಿ ತಡೆಯುತ್ತದೆ ಅನ್ನುವುದಷ್ಟೇ ಅದಕ್ಕೆ ಗೊತ್ತು.

ಆದರೆ ಮನೆ ಕಟ್ಟಿಸುವಾಗ ಎಲ್ಲರೂ ಕೇಳುವುದು "ಎಷ್ಟು ಚದರ?" ಅಂತಲೇ. ನನ್ನನ್ನು ಕೇಳಿದರೆ, ಪುಟ್ಟ ಮನೆಗೆ ಮೊದಲು ಬೇಕಾದ್ದು ನೋಟದ ಉದ್ದದ ಲೆಕ್ಕ.

ಬೆಂಗಳೂರಿನ 30-40 ಸೈಟನ್ನೇ ತೆಗೆದುಕೊಳ್ಳೋಣ. ಸುತ್ತ ಜಾಗ ಬಿಟ್ಟು, 24 ಅಡಿ ಅಗಲ 32 ಅಡಿ ಉದ್ದದ ಒಂದೇ ಅಂತಸ್ತಿನ ಮನೆ ಅನ್ನಿ. ಒಟ್ಟು 768 ಚದರಡಿ, ಅಂದರೆ ಏಳೂವರೆ ಚದರ ಚಿಲ್ಲರೆ. ಮೂಲೆ ಸರಿಯಾಗಿದೆಯಾ ಅಂತ ನೋಡಲು ಮೇಸ್ತ್ರಿಗಳು ಬಳಸುವ 3-4-5ರ ಲೆಕ್ಕ ಗೊತ್ತಲ್ಲ? ಒಂದು ಬದಿ 3, ಇನ್ನೊಂದು 4 ಇದ್ದರೆ ಮೂಲೆಯಿಂದ ಮೂಲೆಗೆ 5. ಅದನ್ನೇ ಇಲ್ಲಿ ಎಂಟು ಪಟ್ಟು ಮಾಡಿ ಹಾಕಿದರೆ ಒಂದು ಮೂಲೆಯಿಂದ ಎದುರಿನ ಮೂಲೆಗೆ ಸರಿಯಾಗಿ 40 ಅಡಿ. ಗೋಡೆಯ ದಪ್ಪ ಕಳೆದರೂ 38 ಅಡಿಯ ಹತ್ತಿರ. ಅದೇ ಮನೆಯನ್ನು 10-12ರ ಕೋಣೆಗಳಾಗಿ ಕತ್ತರಿಸಿಬಿಟ್ಟರೆ ಯಾವ ಕೋಣೆಯಲ್ಲಿ ನಿಂತರೂ ಅತಿ ಉದ್ದದ ನೋಟ 16 ಅಡಿ ಕೂಡ ಇರುವುದಿಲ್ಲ. ಇಟ್ಟಿಗೆ, ಸಿಮೆಂಟು, ಖರ್ಚು ಎಲ್ಲ ಹೆಚ್ಚುಕಡಿಮೆ ಅಷ್ಟೇ. ಒಂದರಲ್ಲಿ ಉಸಿರಾಡಬಹುದು, ಇನ್ನೊಂದರಲ್ಲಿ ಗೋಡೆಗಳೇ ಮೈಮೇಲೆ ಬರುತ್ತವೆ.

ಹಾಗಂತ ಎಲ್ಲ ಗೋಡೆ ಕೆಡವಬೇಕಿಲ್ಲ. ಮಲಗುವ ಕೋಣೆಗೆ ಮರೆ ಬೇಕೇ ಬೇಕು. ಹಾಲ್, ಊಟದ ಜಾಗ, ಅಡುಗೆಮನೆ ಈ ಮೂರನ್ನು ಮೂಲೆಯಿಂದ ಮೂಲೆಗೆ ಸಾಲಾಗಿ ತೆರೆದಿಟ್ಟರೆ ಸಾಕು. ಅಡುಗೆಮನೆ ಆಗ್ನೇಯದಲ್ಲೇ ಇರಬೇಕು ಅನ್ನುವವರು ಹಾಲನ್ನು ವಾಯವ್ಯದಿಂದ ಶುರು ಮಾಡಲಿ. ನೈಋತ್ಯದಲ್ಲಿ ಬೆಡ್‌ರೂಮು, ಈಶಾನ್ಯದಲ್ಲಿ ಪೂಜೆಗೆ ಜಾಗ ಹಾಗೇ ಉಳಿಯುತ್ತದೆ, ವಾಸ್ತು ಹೇಳುವವರಿಗೂ ತಕರಾರಿಲ್ಲ. ಒಗ್ಗರಣೆ ಘಾಟು ಬೇಡ ಅಂದರೆ ಮೂರೂವರೆ ಅಡಿಯ ಅರ್ಧ ಗೋಡೆ, ಮೇಲೆ ಗಾಜು. ಮುಖ್ಯ ವಿಷಯ ಏನೆಂದರೆ, ಆ ಉದ್ದ ನೋಟದ ಕೊನೆಗೆ ಫ್ರಿಜ್ ನಿಲ್ಲಿಸಬಾರದು. ಅಲ್ಲಿ ಕಿಟಕಿ ಬರಬೇಕು. ಕಿಟಕಿಯಾಚೆ ಕಾಂಪೌಂಡಿನ ಒಂದು ದಾಸವಾಳದ ಗಿಡ ಕಂಡರೂ ಸಾಕು, ಕಣ್ಣಿಗೆ ಮನೆ ಅಲ್ಲಿಯವರೆಗೂ ಇದೆ.

ಇದು ಬರೀ ನನ್ನ ಅಭಿಪ್ರಾಯವಲ್ಲ. ವಿಸ್ತೀರ್ಣ ಒಂದೇ ಇದ್ದರೂ ಚೌಕದ ಕೋಣೆಗಿಂತ ಉದ್ದನೆಯ ಕೋಣೆ ಜನರಿಗೆ ದೊಡ್ಡದಾಗಿ ಕಾಣುತ್ತದೆ ಅಂತ ಸಡಾಲ್ಲಾ ಮತ್ತು ಆಕ್ಸ್‌ಲಿ ಎಂಬ ಸಂಶೋಧಕರು 1984ರಲ್ಲೇ ತೋರಿಸಿದ್ದರು. (ತೀರಾ ಉದ್ದ ಮಾಡಿದರೆ ಅದು ಪ್ಯಾಸೇಜ್ ಆಗುತ್ತದೆ, ಬೇರೆ ಮಾತು.) ಎತ್ತರದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಜರ್ಮನಿಯ ಮೈಂಟ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ತಿಳಿಬಣ್ಣದ ಸೀಲಿಂಗು ಎತ್ತರವಾಗಿ ಕಾಣುತ್ತದೆ. ಗೋಡೆಯೂ ತಿಳಿಬಣ್ಣದ್ದಾದರೆ ಇನ್ನಷ್ಟು ಎತ್ತರ. ನೆಲದ ಬಣ್ಣದಿಂದ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ. ಹಾಗಾಗಿ ಕೆಂಪು ರೆಡ್‌ಆಕ್ಸೈಡ್ ನೆಲ ಇಷ್ಟವಿದ್ದವರು ಧೈರ್ಯವಾಗಿ ಹಾಕಿಸಬಹುದು. 10 ಅಡಿ ಎತ್ತರದ ಸೂರಿಗೆ ಫಾಲ್ಸ್ ಸೀಲಿಂಗ್ ಹಾಕಿಸಿ ಮುಕ್ಕಾಲು ಅಡಿ ಕಳೆದುಕೊಳ್ಳುವುದು ಯಾಕೋ ನನಗೆ ಅರ್ಥವಾಗುವುದಿಲ್ಲ.

ಇನ್ನು ಬೆಳಕು. ಪಕ್ಕದ ಮನೆಯ ಗೋಡೆ ನಾಲ್ಕೈದು ಅಡಿ ದೂರದಲ್ಲಿದ್ದರೆ ಪಕ್ಕದ ಕಿಟಕಿಯಿಂದ ಬರುವ ಬೆಳಕು ಅಷ್ಟಕ್ಕಷ್ಟೇ. ಬೆಳಕು ಇರುವುದು ಮೇಲೆ. ಪೂರ್ತಿ ಮೋಡ ಕವಿದ ದಿನ ನೆತ್ತಿಯ ಮೇಲಿನ ಆಕಾಶ, ದಿಗಂತದ ಬಳಿಯ ಆಕಾಶಕ್ಕಿಂತ ಸುಮಾರು 3 ಪಟ್ಟು ಪ್ರಕಾಶಮಾನ. ಅದಕ್ಕೇ ಸ್ಕೈಲೈಟ್ ಅಂದರೆ ಎಲ್ಲರಿಗೂ ಆಸೆ. ಆದರೆ ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ. ಸಪಾಟಾಗಿ ಗಾಜು ಹಾಸಿದರೆ ಬೆಳಕಿನ ಜೊತೆ ಬಿಸಿಲೂ ಒಳಗೆ ಬಂದು ಕೂರುತ್ತದೆ. ಇದಕ್ಕಿಂತ, ಸೂರಿನ ಒಂದು ಭಾಗವನ್ನು ಎರಡು ಅಡಿ ಎತ್ತರಿಸಿ, ಆ ಸಂದಿಗೆ ಉತ್ತರಕ್ಕೆ ಮುಖ ಮಾಡಿ ನೇರ ಗಾಜು ಕೂರಿಸುವುದು ಒಳ್ಳೆಯದು. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದರೂ ನೆತ್ತಿಯಿಂದ ಹತ್ತು ಡಿಗ್ರಿ ಚಿಲ್ಲರೆ ಅಷ್ಟೇ. ಆ ಬಿಸಿಲನ್ನು ತಡೆಯಲು ಸಣ್ಣ ಸಜ್ಜಾ ಸಾಕು. ಅದೇ ಗಾಜನ್ನು ತೆರೆಯುವ ಹಾಗೆ ಮಾಡಿಸಿದರೆ ಮೇಲೇರಿದ ಬಿಸಿ ಗಾಳಿ ಅಲ್ಲಿಂದ ಹೊರಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ.

ತೊಟ್ಟಿಮನೆಯ ನಕಲು ಮಾಡುವವರು ಇದನ್ನೇ ಮರೆಯುತ್ತಾರೆ. ನಡುಮನೆಯಲ್ಲಿ ನಾಲ್ಕಡಿಯ ತೊಟ್ಟಿ ಮಾಡಿಸಿ, ಮಳೆ ಬೀಳುತ್ತೆ ಅಂತ ಮೇಲೆ ಪಾಲಿಕಾರ್ಬೊನೇಟ್ ಶೀಟು ಬಿಗಿಯುತ್ತಾರೆ. ಹಳೇ ತೊಟ್ಟಿ ತಂಪಾಗಿದ್ದದ್ದು ಮೇಲ್ಗಡೆ ತೆರೆದಿದ್ದರಿಂದ. ಹಗಲಿನ ಶಾಖ ರಾತ್ರಿ ಆಕಾಶಕ್ಕೆ ಹೋಗುತ್ತಿತ್ತು. ಮುಚ್ಚಳ ಹಾಕಿದ ತೊಟ್ಟಿ ಬಿಸಿಪೆಟ್ಟಿಗೆ.

ಸೆಕೆಯ ನಿಜವಾದ ಮೂಲ ತಲೆಯ ಮೇಲಿನ ಆರ್‌ಸಿಸಿ. ಬೇಸಿಗೆಯ ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. 100 ಚದರಡಿ ಕೋಣೆಯ ತಾರಸಿಗೆ ಅದು 9 ಕಿಲೋವ್ಯಾಟ್. ನಾಲ್ಕೈದು ಇಂಚಿನ ಕಾಂಕ್ರೀಟು ಆ ಶಾಖವನ್ನು ಹೀರಿ ಒಳಮುಖಕ್ಕೆ ದಾಟಿಸಲು ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಅದಕ್ಕೇ ಹೊರಗೆ ತಂಗಾಳಿ ಬೀಸುವ ಸಂಜೆಯಲ್ಲೂ ಕೋಣೆಯೊಳಗೆ ಬೇಯುತ್ತದೆ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹೊರಹಾಕಬೇಕು. ಅದರಲ್ಲಿ ಅರ್ಧದಷ್ಟು ಸುತ್ತಲಿನ ಗೋಡೆ, ಸೂರಿನತ್ತ ವಿಕಿರಣವಾಗಿ ಹೋಗಬೇಕು. ಸೂರೇ ಕಾದಿದ್ದರೆ ಆ ದಾರಿ ಬಂದ್. ಫ್ಯಾನು ಗಾಳಿ ಬೀಸಿ ಬೆವರು ಆರಿಸುತ್ತದೆ, ಸೂರನ್ನು ತಣ್ಣಗಾಗಿಸುವುದಿಲ್ಲ. ತಾರಸಿಗೆ ಬಿಳಿ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ಅಲ್ಲೇ ವಾಪಸ್. ಧೂಳು ಕೂತರೆ ಗುಣ ಕಡಿಮೆಯಾಗುತ್ತದೆ, ಹಾಗಾಗಿ ಶಿವರಾತ್ರಿ ಹೊತ್ತಿಗೆ ಒಮ್ಮೆ ತೊಳೆಯಬೇಕು. ಎಸಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ.

ಕಳೆದುಹೋಗುವ ಜಾಗದ ಕತೆ ಬೇರೆ ಇದೆ. ನಮ್ಮ 24-32ರ ಮನೆಗೆ ಹೊರಗೋಡೆ 9 ಇಂಚಿನದಾದರೆ ಗೋಡೆಯೇ ಸುಮಾರು 82 ಚದರಡಿ ನುಂಗುತ್ತದೆ. ಪಿಲ್ಲರ್ ಕಟ್ಟಡಕ್ಕೆ 6 ಇಂಚಿನ ಬ್ಲಾಕು ಸಾಕಾದರೆ 55. ಉಳಿದ 27 ಚದರಡಿಯಲ್ಲಿ ಒಂದು ಸಣ್ಣ ಬಚ್ಚಲುಮನೆ ಆಗುತ್ತದೆ. ಮೂರಡಿ ಬಾಗಿಲು ಪ್ರತಿ ಸಲ ತೆರೆದಾಗ 7 ಚದರಡಿ ನೆಲವನ್ನು ಸವರುತ್ತದೆ, ಅಲ್ಲಿ ಏನೂ ಇಡುವ ಹಾಗಿಲ್ಲ. ಯುಟಿಲಿಟಿಗೆ ಸ್ಲೈಡಿಂಗ್ ಬಾಗಿಲು ಹಾಕಿಸಬಹುದು, ಬಚ್ಚಲಿಗೆ ಬೇಡ, ಸದ್ದು ವಾಸನೆ ತಡೆಯುವುದಿಲ್ಲ.

ಪ್ಲಾನಿನಲ್ಲಿ ಮಂಚ, ವಾರ್ಡ್‌ರೋಬ್ ಬರೆಸದೆ ಕಿಟಕಿ ಗುರುತು ಮಾಡಿಸಬೇಡಿ. 10-12ರ ಕೋಣೆಯಲ್ಲಿ ಆರಡಿ ಅಗಲ, ಆರೂವರೆ ಅಡಿ ಉದ್ದದ ಮಂಚವನ್ನು 10 ಅಡಿಯ ದಿಕ್ಕಿಗೆ ಹಾಕಿ, ಕಾಲಬದಿಗೆ ಎರಡಡಿ ಆಳದ ವಾರ್ಡ್‌ರೋಬ್ ಇಟ್ಟರೆ ನಡುವೆ ಉಳಿಯುವುದು ಒಂದೂವರೆ ಅಡಿ, ಅದರ ಬಾಗಿಲೂ ಸರಿಯಾಗಿ ತೆರೆಯಲ್ಲ. ಅದೇ ವಾರ್ಡ್‌ರೋಬನ್ನು ಮಂಚದ ಪಕ್ಕದ ಗೋಡೆಗೆ ತಂದರೆ ಕಾಲಬದಿಯಲ್ಲಿ ಮೂರೂವರೆ ಅಡಿ, ಪಕ್ಕದಲ್ಲಿ ಒಟ್ಟು ನಾಲ್ಕು ಅಡಿ ಓಡಾಡಲು ಸಿಗುತ್ತದೆ. ಆ ಪಕ್ಕದ ಗೋಡೆಯಲ್ಲಿ ಆಗಲೇ ಕಿಟಕಿ ಇಟ್ಟಾಗಿದ್ದರೆ ಮಾತ್ರ ಏನೂ ಮಾಡುವ ಹಾಗಿಲ್ಲ.