ಇಡೀ ಕಾದಂಬರಿ ಪತ್ರದಲ್ಲೇ ಯಾಕೆ?

ಪ್ರಶ್ನೆ: ‘ದಿ ಕಲರ್ ಪರ್ಪಲ್’ ಓದೋಕೆ ಶುರು ಮಾಡಿದ್ದೇನೆ. ಎಲ್ಲವೂ ಪತ್ರ, ಅದೂ ದೇವರಿಗೆ ಬರೆದದ್ದು. ಸುಮ್ನೆ ಕಥೆ ಹೇಳಬಹುದಿತ್ತಲ್ವಾ?
– ಓದುಗರು, ಕುಮಟಾ

ಹೇಳಬಹುದಿತ್ತು. ಆದರೆ ಪತ್ರ ಬರೆಯುವ ಹುಡುಗಿ ಸೀಲಿ ಯಾರ ಹತ್ತಿರ ಹೇಳಬೇಕು? ಅವಳಿಗೆ 14 ವರ್ಷ. ಅಪ್ಪ ಎಂದು ನಂಬಿದವನೇ ಅತ್ಯಾಚಾರ ಮಾಡುತ್ತಾನೆ. ದೇವರನ್ನು ಬಿಟ್ಟು ಬೇರೆ ಯಾರಿಗೆ ಹೇಳಿದರೂ ನಿನ್ನ ತಾಯಿ ಸಾಯುತ್ತಾಳೆ ಎಂದು ಹೆದರಿಸುತ್ತಾನೆ. ಹುಡುಗಿ ಅದನ್ನೇ ಹಿಡಿದುಕೊಳ್ಳುತ್ತಾಳೆ. ದೇವರಿಗೆ ಹೇಳಬಹುದು ತಾನೇ? ಸರಿ, ಬರೆಯುತ್ತಾಳೆ.

ನಮ್ಮ ಶಿರಸಿ ಮನೆಯ ಅಟ್ಟದ ಮೇಲೆ ಹಳೇ ಇನ್‌ಲ್ಯಾಂಡ್ ಕಾಗದಗಳ ಒಂದು ಕಟ್ಟಿದೆ. ಘಟ್ಟದ ಕೆಳಗೆ ಮದುವೆಯಾಗಿ ಹೋದ ನನ್ನ ಸೋದರತ್ತೆ ತವರಿಗೆ ಬರೆದವು. ಎಲ್ಲದರಲ್ಲೂ ‘ಇತ್ತ ಎಲ್ಲರೂ ಕ್ಷೇಮ’, ಆಮೇಲೆ ಮಳೆ, ತೋಟ, ಎಮ್ಮೆ ಕರು ಹಾಕಿದ್ದು. ಪೋಸ್ಟಿಗೆ ಹಾಕುವ ಮುಂಚೆ ಅವಳ ಮಾವ ಓದುತ್ತಿದ್ದರಂತೆ. ಒಂದು ಕಾಗದದಲ್ಲಿ ಮಾತ್ರ, ಅಂಟಿಸುವ ಮಡಿಕೆಯ ಒಳಗೆ, ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ: ‘ಆಯಿ, ಅಣ್ಣನ್ನ ಒಂದ್ಸಲ ಕಳ್ಸು’. ಅದರ ಮೇಲೆ ಅನ್ನದ ಅಗುಳಿನ ಕಲೆ. ಮಾವ ಓದಿ ಕೊಟ್ಟ ಮೇಲೆ ಬರೆದು, ಅನ್ನ ಹಚ್ಚಿ ಅಂಟಿಸಿರಬೇಕು.

ಸೀಲಿಯ ಮನೆಯಲ್ಲೂ ಟಪಾಲು ಗಂಡನ ಕೈಯಲ್ಲೇ. ಅವನ ಹೆಸರನ್ನೂ ಅವಳು ಬರೆಯುವುದಿಲ್ಲ. ‘ಮಿಸ್ಟರ್’ ಎಂದು ಬರೆದು ಮುಂದೆ ಗೆರೆ ಎಳೆಯುತ್ತಾಳೆ. (ನಮ್ಮಲ್ಲಿ ‘ಮನೆಯವರು’ ಅನ್ನುವುದು ಪದ್ಧತಿ. ಸೀಲಿಯದು ಹೆದರಿಕೆ. ಕೆಲವು ಮನೆಗಳಲ್ಲಿ ಎರಡೂ ಒಂದೇ ಇರಬಹುದು.) ತಂಗಿ ನೆಟ್ಟಿ ಆಫ್ರಿಕಾದಿಂದ ಬರೆದ ಪತ್ರಗಳನ್ನು ಅವನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾನೆ. ಶುಗ್ ಏವರಿ ಎಂಬ ಹಾಡುಗಾರ್ತಿಯಿಂದ ಅವು ಸೀಲಿಯ ಕೈಗೆ ಬರುತ್ತವೆ. ಆಮೇಲೆ ಅವಳು ದೇವರಿಗೆ ಬರೆಯುವುದನ್ನು ಬಿಡುತ್ತಾಳೆ, ತಂಗಿಗೆ ಬರೆಯುತ್ತಾಳೆ. ಮುಂದೆ ಮೆಂಫಿಸ್‌ನಲ್ಲಿ ಪ್ಯಾಂಟ್ ಹೊಲಿದು ತನ್ನದೇ ವ್ಯವಹಾರ ಶುರು ಮಾಡಿದಾಗ, ಪತ್ರದ ಕೆಳಗೆ ಹೆಸರು, ಅಂಗಡಿ, ವಿಳಾಸ ಎಲ್ಲ ಹಾಕುತ್ತಾಳೆ. ಅಲ್ಲಿಯವರೆಗೆ ಅವಳ ಪತ್ರಕ್ಕೆ ಸಹಿಯೇ ಇರಲಿಲ್ಲ! ಹುಡುಗಿ ಎದ್ದು ನಿಂತಳು ಎಂದು ಲೇಖಕಿ ಎಲ್ಲೂ ಹೇಳಬೇಕಾಗಿಲ್ಲ. ಆ ವಿಳಾಸ ಸಾಕು.

ಭಾಷೆ ತಪ್ಪು ತಪ್ಪಾಗಿದೆ ಎಂದು ಹಲವರು ಪುಸ್ತಕ ಮುಚ್ಚಿಬಿಡುತ್ತಾರೆ. ಅದು ತಪ್ಪಲ್ಲ, ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಯ ಕರಿಯರ ಮನೆಮಾತು. ನಮ್ಮ ಆಯಿ ಹವಿಗನ್ನಡದಲ್ಲಿ ಮಾತಾಡಿದಂತೆಯೇ ಬರೆದರೆ ಹೇಗಿರುತ್ತದೋ ಹಾಗೆ. ನೆಟ್ಟಿಯ ಪತ್ರಗಳು ಶಾಲೆಯ ಇಂಗ್ಲಿಷಿನಲ್ಲಿವೆ. ನಿಜ ಹೇಳಬೇಕೆಂದರೆ ನನಗೆ ಅವು ಸ್ವಲ್ಪ ಸಪ್ಪೆ. ಸೀಲಿಯ ಒಂದು ಸಾಲಿನ ಬಿಸಿ ಅವುಗಳ ಒಂದು ಪುಟದಲ್ಲಿಲ್ಲ.

ಆಲಿಸ್ ವಾಕರ್ ಇದನ್ನು 1982ರಲ್ಲಿ ಪ್ರಕಟಿಸಿದರು. 1983ರಲ್ಲಿ ಪುಲಿಟ್ಜರ್ ಬಂತು. ಕಾದಂಬರಿಗೆ ಆ ಬಹುಮಾನ ಪಡೆದ ಮೊದಲ ಕಪ್ಪು ಮಹಿಳೆ ಅವರು.

ಪತ್ರಗಳಿಗೆ ತಾರೀಖಿಲ್ಲ, ಎರಡು ಪತ್ರಗಳ ನಡುವೆ ವರ್ಷಗಳೇ ಕಳೆದಿರುತ್ತವೆ, ಗಾಬರಿ ಬೇಡ. ಮೊದಲ ಪುಟಗಳು ತುಂಬಾ ಭಾರ, ಬೇಕಾದರೆ ಎರಡು ದಿನ ಬಿಟ್ಟು ಮುಂದುವರಿಸಿ. ಪ್ರತಿ ಪತ್ರವೂ ಯಾರಿಗೆ ಎಂದು ಮಾತ್ರ ಗಮನಿಸ್ತಾ ಹೋಗಿ. ಕೊನೆಯದು ಯಾರಿಗೆಂದು ನಾನು ಹೇಳಲ್ಲ.