‘ಘಟಪ್ರಭಾ’ ಟೈಪ್ ಮಾಡಿದರೆ ಕರ್ಸರ್ ಮೇಲಕ್ಕೆ: ಮೊದಲ ನೆಟ್‌ಬುಕ್ಕಿನ ಕಥೆ

ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ‘ಘಟಪ್ರಭಾ’ ಎಂದು ಬರೆಯಲು ಮೂರು ಸಲ ಶಿಫ್ಟ್ ಒತ್ತಬೇಕು. ಘ, ಭ, ಆಮೇಲೆ ದೀರ್ಘ. ಮೂರೂ ಎಡಗೈ ಕೀಗಳು. ಹಾಗಾಗಿ ಟೈಪಿಂಗ್ ಕಲಿತವರ ಬಲಗೈ ಕಿರುಬೆರಳು ತಾನಾಗೇ ಬಲಗಡೆಯ ಶಿಫ್ಟ್‌ಗೆ ಹೋಗುತ್ತದೆ. 2007ರ ಅಕ್ಟೋಬರ್‌ನಲ್ಲಿ ತೈವಾನಿನ ಆಸುಸ್ ಕಂಪನಿ ತಂದ ಮೊದಲ ನೆಟ್‌ಬುಕ್, ಅಂದರೆ ಪುಟ್ಟ ಅಗ್ಗದ ಲ್ಯಾಪ್‌ಟಾಪ್, ‘ಈ-ಪಿಸಿ 701’ರಲ್ಲಿ ಆ ಜಾಗದಲ್ಲಿದ್ದದ್ದು ಮೇಲಿನ ಬಾಣದ ಕೀ. ಶಿಫ್ಟ್ ಅದರಾಚೆ ಮೂಲೆಗೆ ಸರಿದಿತ್ತು. ಬೆರಳು ಸ್ವಲ್ಪ ತಪ್ಪಿದರೆ ಕರ್ಸರ್ ಮೇಲಿನ ಸಾಲಿಗೆ ಹಾರುತ್ತಿತ್ತು. ಇಂಗ್ಲಿಷ್ ಬರೆಯುವವರಿಗೆ ದೊಡ್ಡಕ್ಷರ ಬೇಕಾಗುವುದು ಆಗೊಮ್ಮೆ ಈಗೊಮ್ಮೆ. ಕನ್ನಡದಲ್ಲಿ ಶಿಫ್ಟ್ ಇಲ್ಲದೆ ಒಂದು ಸಾಲು ಮುಗಿಯುವುದೇ ಕಷ್ಟ, ಅಲ್ವಾ?

ಹಾಗಂತ ಆ ಯಂತ್ರ ಕೆಟ್ಟದ್ದೇನಲ್ಲ. ಬಡ ದೇಶಗಳ ಮಕ್ಕಳಿಗೆ 100 ಡಾಲರ್‌ನ ಲ್ಯಾಪ್‌ಟಾಪ್ ಕೊಡಬೇಕು ಎಂದು ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಹೊರಟಿದ್ದರು. ಆ ಬೆಲೆಗೆ ಅದು ಬರಲೇ ಇಲ್ಲ. ಆದರೆ ಚಿಕ್ಕದು, ಅಗ್ಗದ್ದು, ಕೆಲಸಕ್ಕೆ ಸಾಕಾಗುವಂಥದ್ದು ಮಾಡಬಹುದು ಎಂಬ ಮಾತು ಎಲ್ಲರ ತಲೆಗೆ ಹೊಕ್ಕಿತು. ಅದನ್ನು ಅಂಗಡಿಯಲ್ಲಿ ಮಾರುವ ಸರಕಾಗಿ ಮಾಡಿದ್ದು 701. ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, ತೂಕ ಒಂದು ಕಿಲೋಗಿಂತ ಕಡಿಮೆ. ಹಾರ್ಡ್ ಡಿಸ್ಕ್ ಬದಲು 4 ಜಿಬಿ ಫ್ಲ್ಯಾಶ್ ಮೆಮೊರಿ. 900 ಮೆಗಾಹರ್ಟ್ಸ್‌ನ ಸೆಲೆರಾನ್ ಪ್ರೊಸೆಸರನ್ನು 630ಕ್ಕೆ ಇಳಿಸಿ ಓಡಿಸುತ್ತಿದ್ದರು.

ನಮ್ಮ ಕಡೆಯ ಬದುಕಿಗೆ ಇದರಲ್ಲಿ ಎರಡು ಗುಣ ಚೆನ್ನಾಗಿ ಹೊಂದುತ್ತಿದ್ದವು. ವಿಜಯಪುರ ಆಗಿನ್ನೂ ಬಿಜಾಪುರ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಯುಪಿಎಸ್ ಕಿರುಚಲು ಶುರು, ಡೆಸ್ಕ್‌ಟಾಪ್ ಮುಂದೆ ಕೂತವರು ಗಡಿಬಿಡಿಯಲ್ಲಿ ಸೇವ್ ಮಾಡಿ ಏಳುತ್ತಿದ್ದರು. ಇದರ ಬ್ಯಾಟರಿ ಸುಮಾರು ಮೂರು ತಾಸು ಬರುತ್ತಿತ್ತು. ಇನ್ನೊಂದು ಆ ಫ್ಲ್ಯಾಶ್ ಮೆಮೊರಿ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಕುಲುಕಿದರೆ ಅದಕ್ಕೆ ಪೆಟ್ಟು. ಇದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರೂ ಡಿಸ್ಕಿನ ಚಿಂತೆ ಇರುತ್ತಿರಲಿಲ್ಲ.

ತೊಂದರೆಯೂ ಅಲ್ಲೇ ಇತ್ತು. 4 ಜಿಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗವನ್ನು ಅದರ ಜೊತೆ ಬರುತ್ತಿದ್ದ ಕ್ಸಾಂಡ್ರೋಸ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮೇ ತಿನ್ನುತ್ತಿತ್ತು. ಆ ಭಾಗ ಓದಲು ಮಾತ್ರ. ಬೇಡದ ಪ್ರೋಗ್ರಾಮ್ ಅಳಿಸಿದರೂ ಜಾಗ ಮರಳಿ ಸಿಗುತ್ತಿರಲಿಲ್ಲ.

‘ನುಡಿ’, ‘ಬರಹ’ದಂಥ ಕನ್ನಡ ತಂತ್ರಾಂಶ ಬೇಕೆಂದವರು ವಿಂಡೋಸ್ ಎಕ್ಸ್‌ಪಿ ಹಾಕಿಸಿಕೊಳ್ಳುತ್ತಿದ್ದರು. ಆಗ ಇನ್ನೊಂದು ತಲೆನೋವು. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಬೇಕಾದರೆ ಒಂದು ಸೆಟ್ಟಿಂಗ್ ಹಾಕಬೇಕು, ಅದಕ್ಕೆ ಅದು ಸಾಮಾನ್ಯವಾಗಿ ವಿಂಡೋಸ್ ಸಿಡಿ ಕೇಳುತ್ತಿತ್ತು. ಈ ಯಂತ್ರದಲ್ಲಿ ಸಿಡಿ ಡ್ರೈವೇ ಇಲ್ಲ! ಪರದೆ 800x480 ಅಷ್ಟೇ ಆದ್ದರಿಂದ ಎಷ್ಟೋ ಕಿಟಕಿಗಳ ‘ಓಕೆ’ ಬಟನ್ ಪರದೆಯ ಕೆಳಗೆ ಮರೆಯಾಗಿರುತ್ತಿತ್ತು. ಬೆಲೆ ಇಳಿಸಲು ಏನೇನು ಕತ್ತರಿಸಿದರೋ ಅದರ ಪೆಟ್ಟು ಇಂಗ್ಲಿಷಿನವರಿಗಿಂತ ಕನ್ನಡ ಬರೆಯುವವರಿಗೇ ಜೋರಾಗಿ ಬಿತ್ತು ಎಂದು ನನಗೆ ಅನಿಸುತ್ತದೆ. ಕತ್ತರಿಸುವಾಗ ನಮ್ಮ ಲಿಪಿಯನ್ನು ಯಾರಾದರೂ ಒಮ್ಮೆ ಟೈಪ್ ಮಾಡಿ ನೋಡಿದ್ದರೆ ಎಷ್ಟು ಚೆನ್ನಾಗಿತ್ತು.

2008ರಲ್ಲಿ ಇಂಥ ಚಿಕ್ಕ ಯಂತ್ರಗಳಿಗೆಂದೇ ಇಂಟೆಲ್‌ನ ಆಟಮ್ ಪ್ರೊಸೆಸರ್ ಬಂತು. ಮಾರಾಟ ನಿಲ್ಲಿಸಬೇಕಿದ್ದ ಎಕ್ಸ್‌ಪಿಯನ್ನು ಈ ಅಗ್ಗದ ಯಂತ್ರಗಳಿಗಾಗಿ ಮೈಕ್ರೋಸಾಫ್ಟ್ ಮುಂದುವರಿಸಿತು. ಏಸರ್, ಎಚ್‌ಪಿ, ಡೆಲ್ ಎಲ್ಲರೂ ಇಳಿದರು. ಪರದೆ ಒಂಬತ್ತು ಇಂಚಾಯಿತು, ಹತ್ತಾಯಿತು. ಹಾರ್ಡ್ ಡಿಸ್ಕ್ ವಾಪಸ್ ಬಂತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಬೇಡಿಕೆ ಇಳಿಯುತ್ತಾ ಹೋಗಿ, 2013ರ ಹೊತ್ತಿಗೆ ನೆಟ್‌ಬುಕ್ ಕಾಲವೇ ಮುಗಿಯಿತು.

ಅಷ್ಟರೊಳಗೆ, 2009ರಲ್ಲಿ ಆಸುಸ್ ತಂದ ಈ-ಪಿಸಿ 1000ಎಚ್‌ಇ ಮಾದರಿಯಲ್ಲಿ ಬಲಗಡೆಯ ಶಿಫ್ಟ್ ತನ್ನ ಜಾಗಕ್ಕೆ ಮರಳಿತು. ಆದರೆ ಆ ಯಂತ್ರದೊಳಗೆ ಮತ್ತೆ ತಟ್ಟೆ ತಿರುಗುತ್ತಿತ್ತು, ತೂಕವೂ ಸುಮಾರು ಒಂದೂವರೆ ಕಿಲೋ ಆಗಿತ್ತು.